ಹೆಗ್ಗಣ ಹೋದ ದಾರಿ

"ಇನ್ನೂ ಅರ್ಧ ಅಡಿ ಇಳಿಯೋ ಗಂಗ. ನಿಮ್ಮಪ್ಪಂಗೆ ಗುಂಡಿ ತೋಡೋದು ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ. ಊರಲ್ಲಿ ಯಾರ್ ಸತ್ರೂ ಹೆಣದಳತೆ ಕಣ್ಣಲ್ಲೇ ನೋಡಿ ತೋಡೋನು. ನಿಂಗೇನ್ಲಾ, ಪ್ಯಾಂಟು ಹಾಕ್ಕಂಡ್ ಮ್ಯಾಲೆ ಸೊಂಟ ಬಗ್ಗಲ್ವಾ?"

ಬಸವರಾಜಪ್ಪ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ. ಎದುರಿಗೆ ಸಿಕ್ಕಾಗ ಯಜಮಾನ್ರೇ ಅನ್ನುತ್ತೇನೆ. ಇಲ್ಲಿ ಏಕವಚನ ಸಾಕು. ನಾನು ಅವನ ಮನೆ ಮುಂದಿನ ಗುಂಡಿಯಲ್ಲಿ ಸೊಂಟ ಮುಳುಗುವಷ್ಟು ಆಳದಲ್ಲಿ ನಿಂತು ಮಣ್ಣು ಎತ್ತಿ ಹಾಕುತ್ತಿದ್ದೆ.

"ಮೂರೂವರೆ ಅಡಿ ಸಾಕು ಯಜಮಾನ್ರೇ. ಅಳತೆ ಸರಿಯಾಗೈತೆ."

"ನನ್ ಮನೆ ಮುಂದೆ ನಿಂತು ನಂಗೇ ಅಳತೆ ಹೇಳ್ತೀಯೇನ್ಲಾ?"

ಲೋಟದಲ್ಲಿ ಉಳಿದಿದ್ದ ಕಾಫಿಯ ಗಷ್ಟನ್ನು ಗುಂಡಿಯ ಕಡೆ ಎರಚಿದ. ನನ್ನ ಕುತ್ತಿಗೆಗೆ ಬಿತ್ತು. ಅವನು ಬೇಕೆಂದೇ ಎರಚಿದನೋ, ನೋಡದೆ ಎರಚಿದನೋ ಎಂದು ನಿಮ್ಮಂಥವರು ಕೇಳಬಹುದು. ನಾನು ಕೇಳುವುದಿಲ್ಲ. ಒರೆಸಿಕೊಂಡು ಸಲಿಕೆ ಹಿಡಿದೆ.

ನನ್ನದು ನೆಲದಡಿಯ ಕೆಲಸ. ರಸ್ತೆ ಅಗೆಯದೆ ಅಡಿಯಲ್ಲೇ ತೂತು ಕೊರೆಯುವ ಯಂತ್ರ ಓಡಿಸುತ್ತೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಏನೇನೋ ಹೆಸರಿದೆ, ನಾವು ಕೆಲಸಗಾರರು ಹೆಗ್ಗಣ ಅನ್ನುತ್ತೇವೆ. ತೋಳಿನ ಗಾತ್ರ, ಐದಡಿ ಉದ್ದ, ಬರೀ ಉಕ್ಕು. ಮುಂದೆ ಚೂಪು ಮೂತಿ, ಹಿಂದೆ ಬಾಲದ ಹಾಗೆ ಗಾಳಿ ಪೈಪು. ಕಂಪ್ರೆಸರ್‌ನಿಂದ ಗಾಳಿ ಬಿಟ್ಟರೆ ಹೊಟ್ಟೆಯೊಳಗಿನ ಸುತ್ತಿಗೆ ಮೂತಿಗೆ ಗುದ್ದುತ್ತಾ, ಮಣ್ಣನ್ನು ಅತ್ತಿತ್ತ ಒತ್ತರಿಸಿ ಮುಂದೆ ಹೋಗುತ್ತದೆ. ರಸ್ತೆಯ ಈ ಕಡೆ ಒಂದು ಗುಂಡಿ, ಆ ಕಡೆ ಒಂದು ಗುಂಡಿ, ಅಷ್ಟೇ ಅಗೆತ. ಮೇಲಿನ ರಸ್ತೆಗೆ ಒಂದು ಗೀರೂ ಬೀಳುವುದಿಲ್ಲ. ಹೆಗ್ಗಣ ಬಿಟ್ಟುಹೋದ ತೂತಿನಲ್ಲಿ ನೀರಿನ ಪೈಪು ಎಳೆದುಬಿಟ್ಟರೆ ಮುಗಿಯಿತು. ಅದಕ್ಕಿರುವ ಐಬು ಒಂದೇ. ಕಣ್ಣಿಲ್ಲ, ಸ್ಟಿಯರಿಂಗ್ ಇಲ್ಲ. ಹೊರಡುವಾಗ ಯಾವ ಕಡೆ ಮೂತಿ ಮಾಡಿ ಇಟ್ಟಿರುತ್ತೀವೋ ಆ ಕಡೆಗೇ ಹೋಗುತ್ತದೆ. ಇಲ್ಲಿ ಒಂದು ಗೇಣು ತಪ್ಪಿದರೆ ನಲವತ್ತಡಿ ಆಚೆ ಆರಡಿ ತಪ್ಪಿರುತ್ತದೆ.

ತಿಪಟೂರು, ತುರುವೇಕೆರೆ, ಕಿಬ್ಬನಹಳ್ಳಿ ಎಂದು ಕಂಡವರ ರಸ್ತೆಯ ಅಡಿಯಲ್ಲೆಲ್ಲ ಹೆಗ್ಗಣ ಬಿಟ್ಟಿದ್ದೇನೆ. ನಮ್ಮೂರಿಗೆ ತಂದದ್ದು ಇದೇ ಮೊದಲು.

ನಮ್ಮೂರಿನ ಕಥೆಯೂ ನಲವತ್ತಡಿಯದೇ. ನಮ್ಮ ಕೇರಿಯಲ್ಲಿ ನಲವತ್ತೆರಡು ಮನೆ. ಮನೆ ಮನೆಗೆ ನಲ್ಲಿ ಹಾಕಿ ನಾಲ್ಕು ವರ್ಷವಾಯಿತು. ನಲ್ಲಿ ಇದೆ, ನೀರಿಲ್ಲ. ಟ್ಯಾಂಕಿನಿಂದ ಬಂದ ದೊಡ್ಡ ಪೈಪು ಮೇಲಿನ ಬೀದಿಯವರೆಗೆ ಬಂದು ನಿಂತಿದೆ. ಬೀದಿಯ ಸಿಮೆಂಟು ರಸ್ತೆ ದಾಟಿದರೆ ನಮ್ಮ ಓಣಿಯ ಬಾಯಿ. ಆ ರಸ್ತೆ ಒಡೆಯಲು ಮೇಲಿನವರು ಬಿಡಲಿಲ್ಲ. ಒಡೆದರೆ ಮತ್ತೆ ಸರಿಹೋಗುವುದಿಲ್ಲ ಎಂದರು, ಬಸವಣ್ಣನ ಗುಡಿ ಮುಂದೆ ಹಾರೆ ಬೀಳಬಾರದು ಎಂದರು. ಎರಡು ಸಲ ಪೈಪು ತಂದ ಗಾಡಿಯನ್ನು ವಾಪಸ್ಸು ಕಳಿಸಿದರು. ನಮ್ಮ ಹೆಂಗಸರು ಈಗಲೂ ಕೊಡ ಹೊತ್ತುಕೊಂಡು ಮೇಲಿನ ಬೀದಿಯ ನಲ್ಲಿಗೇ ಹೋಗಬೇಕು, ಎಲ್ಲರದೂ ಆದ ಮೇಲೆ ಹಿಡಿಯಬೇಕು. ಬಸವರಾಜಪ್ಪನ ಹೆಂಡತಿ ಗಿರಿಜಾಂಬಿಕಾ ನಮ್ಮವರು ಮುಟ್ಟಿದ ನಲ್ಲಿಯನ್ನು ತೊಳೆದು ತನ್ನ ಕೊಡ ಇಡುತ್ತಾಳೆ. ಮುಂಚೆ ಹುಣಸೆಹಣ್ಣು ಹಾಕಿ ತೊಳೆಯುತ್ತಿದ್ದರು, ಈಗ ಸೋಪು. ನಮ್ಮೂರಿನ ಪ್ರಗತಿ ಅಲ್ಲಿಗೆ ಬಂದಿದೆ.

ಹೆಗ್ಗಣದ ವಿಷಯ ಬಂದಾಗ, ನಾಲ್ಕು ವರ್ಷ ಅಡ್ಡ ಮಲಗಿದ್ದ ಬಸವರಾಜಪ್ಪ ಪಂಚಾಯ್ತಿ ಕಟ್ಟೆಯಲ್ಲಿ ಎಲ್ಲರ ಮುಂದೆ ಹೇಳಿದ, "ರಸ್ತೆ ಒಡೀದೆ ಇದ್ರೆ ನಂದೇನ್ ತಕರಾರಿಲ್ಲ. ಪಾಪ, ಅವ್ರೂ ಮನುಷ್ಯರೇ. ನೀರು ಕುಡೀಲಿ."

ಆ ಮಾತು ಕೇಳಿ ಕೇರಿಯಲ್ಲಿ ಯಾರೂ ಖುಷಿ ಪಡಲಿಲ್ಲ. 

ಅವತ್ತು ಸಾಯಂಕಾಲ ನಮ್ಮವ್ವ ಭೈರಮ್ಮ ಒಲೆ ಊದುತ್ತಾ ಅಂದಳು, "ಪಾಪ ಅಂದ್ನಂತೆ. ಅವ್ನ್ ಬಾಯಿಗೆ ಮಣ್ಣಾಕ. ಆ ನನ್ಮಗ ಪಾಪ ಅಂದ ದಿನ್ವೇ ನಮ್ಮತ್ತೆಗಿದ್ದ ಎರಡೆಕರೆ ಹೊಲ ಹೋಗಿದ್ದು. ಲೇ ಗಂಗ, ನಿಜ ಹೇಳು, ಆ ನಿನ್ ಹೆಗ್ಗಣ ಎತ್ಲಾಗ್ ಹೋಯ್ತದೆ?"

"ಓಣಿ ಬಾಯಿಗೆ ಕಣವ್ವ. ಇನ್ನೆತ್ಲಾಗ್ ಹೋಯ್ತದೆ?"

"ನೀನ್ ಕಣ್ಣಲ್ ನೋಡ್ತೀಯಾ?"

"ನೆಲದೊಳಗೆ ಹೆಂಗವ್ವ ನೋಡ್ಲಿ?"

"ಹಂಗಾರೆ ಸುಮ್ಕಿರು. ಕಾಣ್ದಿರೋದ್ನ ಬತ್ತದೆ ಬತ್ತದೆ ಅನ್ಬ್ಯಾಡ."

ಬರೀ ಅವಳಲ್ಲ. ಕೇರಿಯ ಕಟ್ಟೆ ಮೇಲೆ ನಾನು ಹೋಗಿ ಕೂತರೆ ಮಾತು ನಿಂತುಹೋಗುತ್ತಿತ್ತು. ಗಂಗರಾಜು ಕಂಟ್ರಾಕ್ಟರ್ ಅನ್ನ ತಿನ್ನೋನು, ಅವರು ಹೇಳಿದ ಹಾಗೆ ಮಾಡುತ್ತಾನೆ ಎಂದು ಹಿಂದಿನಿಂದ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಬೇಜಾರಾಯಿತು. ಆದರೆ ನಾನು ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಆಡಿಕೊಳ್ಳುತ್ತಿದ್ದೆ.

ಗುಡಿಯ ಪೂಜೆ ಮಾಡುವ ಪರಮಶಿವಯ್ಯನ ಅನುಮಾನ ಬೇರೆ ತರದ್ದು. ಗುಂಡಿಯ ಅಂಚಿಗೆ ಬಂದು, ಪಂಚೆ ಎತ್ತಿ ಹಿಡಿದು ಇಣುಕಿದ.

"ನಿಮ್ ಕೇರಿಗೆ ಹೋಗೋ ನೀರು ದೇವರ ಮುಂದೇನೇ ಹಾಯ್ತದಲ್ಲೋ. ಎಷ್ಟು ಆಳದಲ್ಲಿ ಹೋಗುತ್ತೆ?"

"ಮೂರಡಿ ಮ್ಯಾಲೆ ಸ್ವಾಮೇರೆ."

ಅವನು ಬೆರಳು ಮಡಿಚಿ ಏನೋ ಯೋಚನೆ ಮಾಡಿದ. "ಮೂರಡಿ ಮಣ್ಣು ಮಧ್ಯ ಇದ್ರೆ ದೋಷ ಇಲ್ಲ ಬಿಡು. ಎರಡಡಿ ಆಗಿದ್ರೆ ಕಷ್ಟ ಆಗ್ತಿತ್ತು."

ಮೈಲಿಗೆ ಎಷ್ಟು ಅಡಿ ಇಳಿಯುತ್ತದೆ ಎಂದು ಲೆಕ್ಕ ಇಟ್ಟವನನ್ನು ನಾನು ಅವತ್ತೇ ನೋಡಿದ್ದು. ನಮ್ಮ ಎಂಜಿನಿಯರುಗಳಿಗೂ ಅಷ್ಟು ಖಚಿತವಾಗಿ ಗೊತ್ತಿರುವುದಿಲ್ಲ.

ಇವೆಲ್ಲ ಇರಲಿ, ನನಗೆ ಅನುಮಾನ ಇದ್ದದ್ದು ನಮ್ಮಪ್ಪನ ಮೇಲೆ.

ನಮ್ಮಪ್ಪ ಮಾರಯ್ಯ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವನ ತಾತನ ಕಾಲದಿಂದ ಬಂದ ಕೆಲಸ. ಊರಿನ ನೀರೆಲ್ಲ ಅವನ ಕೈ ಹಾದೇ ಹೋಗುತ್ತಿತ್ತು. ಅವನ ಗದ್ದೆಗೆ ಮಾತ್ರ ಹೋಗಲಿಲ್ಲ, ಗದ್ದೆಯೇ ಇರಲಿಲ್ಲ. ಮಳೆಗಾಲದಲ್ಲಿ ಕೆರೆ ಏರಿಯ ಮೇಲೆ ಬರಿಗಾಲಲ್ಲಿ ನಡೆದು, ಒಳಗೆ ನೀರು ಎಲ್ಲಿ ಕೊರೆಯುತ್ತಿದೆ ಎಂದು ಅಂಗಾಲಲ್ಲೇ ಹೇಳುತ್ತಿದ್ದನಂತೆ. ಈಗ ಕೆರೆ ಕೆಳಗಿನ ಗದ್ದೆಗಳೆಲ್ಲ ತೆಂಗಿನ ತೋಟವಾಗಿ, ಅಪ್ಪ ಕರೆದವರ ತೋಟಕ್ಕೆ ಕೂಲಿ ಹೋಗುತ್ತಾನೆ.

ಅವನದೊಂದು ಹಳೇ ಚಾಳಿ. ಮೇಲಿನ ಬೀದಿಗೆ ಹೋಗುವಾಗ ಓಣಿ ಬಾಯಲ್ಲಿ ಚಪ್ಪಲಿ ಬಿಟ್ಟು ಹೋಗುತ್ತಾನೆ. ಹದಿನೈದು ವರ್ಷದ ಹಿಂದೆ ನಮ್ಮ ವಾರಗೆಯವರೆಲ್ಲ ಜಗಳ ಆಡಿ ಆ ಪದ್ಧತಿ ನಿಲ್ಲಿಸಿದೆವು. ಅವತ್ತು ನನ್ನ ಮುಂದಿನ ಹಲ್ಲೊಂದು ಹೋಯಿತು. ಈಗ ಬಿಡುವವನು ಇಡೀ ಕೇರಿಗೆ ನಮ್ಮಪ್ಪ ಒಬ್ಬನೇ.

"ಚಪ್ಲಿ ಹಾಕ್ಕಂಡ್ ಹೋಗಪ್ಪ. ನನ್ ಹಲ್ಲು ಯಾತಕ್ ಹೋಯ್ತು?" ಎಂದರೆ,

"ನಿನ್ ಹಲ್ಲು, ನಿನ್ ಬಾಯಿ. ನನ್ ಕಾಲು ನನ್ದು ಬುಡ್ಲಾ" ಅನ್ನುತ್ತಾನೆ.

ಹೋದ ವಾರ ಬಸವರಾಜಪ್ಪ ಅವನನ್ನು ತೋಟಕ್ಕೆ ಕರೆಸಿದ್ದ. ಸಾಯಂಕಾಲ ಅಪ್ಪ ನಾಲ್ಕು ತೆಂಗಿನಕಾಯಿ ಹಿಡಿದುಕೊಂಡು ಬಂದು ಮೂಲೆಯಲ್ಲಿ ಕೂತ.

"ಏನ್ ಕೆಲ್ಸ?" ಎಂದಳು ಅವ್ವ.

"ಒಂದು ಸಸಿ ಗುಂಡಿ ತೋಡ್ದೆ."

"ಒಂದೇ ಗುಂಡಿಗೆ ದಿನದ ಕೂಲಿನೂ ಕೊಟ್ಟು, ಮ್ಯಾಲೆ ಕಾಯಿನೂ ಕೊಟ್ನಾ? ಯಾತಕ್ಕಾರ ಹೆಬ್ಬೆಟ್ಟು ಒತ್ತಿಸ್ಕಂಡ್ನಾ?"

"ಇಲ್ಲ ಕಣೇ."

"ನನ್ ಮ್ಯಾಲಾಣೆ?"

ಅಪ್ಪ ಎದ್ದು ಹೊರಗೆ ಹೋದ. ಆವತ್ತಿನಿಂದ ಅವನು ಸರಿಯಾಗಿ ಊಟವನ್ನೂ ಮಾಡಲಿಲ್ಲ, ಮುಖ ಎತ್ತಿ ನನ್ನನ್ನೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗಿತ್ತು ಅವನ ವರಸೆ. ಹೆತ್ತಪ್ಪನ ಮೇಲೆ ಅನುಮಾನ ಪಡುವುದು ಎಂಥ ಹಿಂಸೆ ಎಂದು ಆ ವಾರ ಗೊತ್ತಾಯಿತು. ಅವನು ತಂದ ಕಾಯಿಯ ಚಟ್ನಿ ನನಗೆ ಇಳಿಯಲಿಲ್ಲ.

ಆ ತೋಟದ ಬಗ್ಗೆ ಒಂದು ಮಾತು ಹೇಳಬೇಕು. ಅದು ನಮ್ಮ ಓಣಿಗೆ ಅಂಟಿಕೊಂಡೇ ಇದೆ, ಮಧ್ಯ ಒಂದು ಮುಳ್ಳುಬೇಲಿ ಅಷ್ಟೇ. ಬಸವರಾಜಪ್ಪ ಅಲ್ಲಿ ಕಾಯಿಪುಡಿ ಮಾಡುವ ಫ್ಯಾಕ್ಟರಿ ಕಟ್ಟಿಸಿದ್ದಾನೆ. ಶೀಟು ಹೊದಿಸಿ, ಮಿಷನ್ನು ಇಳಿಸಿ ನಾಲ್ಕು ತಿಂಗಳಾಯಿತು. ಕಾಯಿ ತೊಳೆಯಲು ಒಳ್ಳೆ ನೀರು ಬೇಕು, ಅವನ ಬೋರಿನಲ್ಲಿ ಬರುವುದು ಉಪ್ಪು. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾವು ಇದನ್ನೂ ಅವನು ಪಾಪ ಅಂದದ್ದನ್ನೂ ಸೇರಿಸಿ ನೋಡಲಿಲ್ಲ.

ಗುಂಡಿ ಮುಗಿಯಿತು. ಓಣಿ ಬಾಯಿಯ ಗುಂಡಿಯನ್ನು ನಮ್ಮ ಕೇರಿಯವರೇ ತೋಡಿ, ಸುತ್ತ ನಿಂತು ಕಾಯುತ್ತಿದ್ದರು. ಹೆಂಗಸರು ಖಾಲಿ ಕೊಡ ತಂದಿರಲಿಲ್ಲ, ಅಷ್ಟು ಬೇಗ ನಂಬುವವರಲ್ಲ. ಬರೀ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದರು. ನಾನು ಹೆಗ್ಗಣವನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿ, ದಾರ ಹಿಡಿದು, ಮೂತಿಯನ್ನು ಸರಿಯಾಗಿ ಓಣಿ ಬಾಯಿಗೆ ಇಟ್ಟೆ.

ಆಗ ಸೂಪರ್‌ವೈಸರ್ ಜ್ಞಾನೇಶ್ ಬಸವರಾಜಪ್ಪನ ಮನೆಯೊಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಅವನು ಕಂಟ್ರಾಕ್ಟರ್ ಕಡೆಯವನು, ನನಗೆ ಮೇಲಿನವನು. ಆ ಮನೆಯ ಅಡುಗೆಮನೆಯವರೆಗೆ ಹೊರಗಿನವರು ಸುಮ್ಮನೆ ಹೋಗಲಾಗುವುದಿಲ್ಲ. ಗಿರಿಜಾಂಬಿಕಾ ಹಿಂದಿನಿಂದ, "ಮಜ್ಜಿಗೆ ಕುಡೀದೇ ಹೋದ್ಯಲ್ಲೋ ಜ್ಞಾನಿ" ಎಂದು ಕೂಗಿದಾಗ ಅವನು ಅವಳ ತವರಿನ ಕಡೆಯವನೆಂದು ಗೊತ್ತಾಯಿತು.

ಅವನು ಗುಂಡಿಗೆ ಬಗ್ಗಿ ನೋಡಿ, "ಎಡಕ್ಕೆ ಒಂದು ಗೇಣು ತಳ್ಳೋ" ಅಂದ.

"ಯಾಕ್ ಸಾರ್? ನೇರಕ್ಕೆ ಐತಲ್ಲ."

"ನೇರಕ್ಕೆ ಅಡಿಯಲ್ಲಿ ಬಂಡೆ ಇದೆ."

"ಬಂಡೆ ಇಲ್ಲ ಸಾರ್. ಬರೀ ಕೆಮ್ಮಣ್ಣು. ಗುಂಡಿ ತೋಡಿದ್ದು ನಾನಲ್ವಾ?"

"ನೀನು ತೋಡೋನು ಅಷ್ಟೇ. ನೋಡೋನು ನಾನು. ಬಂಡೆಗೆ ಹೊಡೆದು ಮಿಷನ್ ಹಾಳಾದ್ರೆ ನಿನ್ನ ಇಡೀ ಕೇರಿ ಮಾರಿದ್ರೂ ತೀರಲ್ಲ. ತಳ್ಳು."

ನಾನು ತಳ್ಳಿದೆ. ಇದನ್ನು ಬಚ್ಚಿಡುವುದಿಲ್ಲ. ಇದೇ ಕೈಯಲ್ಲಿ ತಳ್ಳಿದೆ. ಒಂದು ಗೇಣು ಅಂದರೆ ಆ ಕಡೆ ಆರಡಿ ಎಂದು ಗೊತ್ತಿತ್ತು. ಆ ಕಡೆಯ ಗುಂಡಿಯೇ ಮೂರಡಿ ಅಗಲ, ಹೆಗ್ಗಣ ಅದಕ್ಕೆ ಬೀಳುವುದಿಲ್ಲ ಎಂದೂ ಗೊತ್ತಿತ್ತು. ಬಿದ್ದದ್ದು ಎಲ್ಲಿಯೋ ಅಲ್ಲಿಂದ ಅಗೆದು ಓಣಿಗೆ ಪೈಪು ಜೋಡಿಸಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲಸದ ಮೇಲಿನ ಹೆದರಿಕೆ ಎಂಥೆಂಥ ಸಮಾಧಾನ ಹುಟ್ಟಿಸುತ್ತದೆ ಎಂದು ಅನ್ನ ದುಡಿಯುವವರನ್ನು ಕೇಳಿ.

ಗಾಳಿ ಬಿಟ್ಟೆ. ಹೆಗ್ಗಣ ಡುಗುಡುಗು ಎಂದು ಗೋಡೆಯ ಮಣ್ಣಿಗೆ ಮೂತಿ ತೂರಿಸಿ, ನೋಡುತ್ತಿದ್ದಂತೆ ಮೈಯೆಲ್ಲ ಒಳಗೆಳೆದುಕೊಂಡಿತು. ಗಾಳಿ ಪೈಪು ಮಾತ್ರ ನನ್ನ ಕೈಯಿಂದ ನಿಧಾನವಾಗಿ ಜಾರುತ್ತಾ ತೂತಿನೊಳಗೆ ಹೋಗುತ್ತಿತ್ತು. ಪೈಪಿನ ಮೇಲೆ ಅಡಿಗೊಂದು ಗುರುತು ಇದೆ. ಐದು, ಆರು, ಏಳು.

ಅಷ್ಟರಲ್ಲಿ ಅಪ್ಪ ಬಂದ. ಓಣಿ ಬಾಯಲ್ಲಿ ಚಪ್ಪಲಿ ಬಿಟ್ಟು, ಟವೆಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ನನ್ನ ಗುಂಡಿಯವರೆಗೆ ಬಂದು, ಅಲ್ಲಿಂದ ತಿರುಗಿ ಓಣಿಯ ಕಡೆಗೆ ಸಿಮೆಂಟು ರಸ್ತೆಯ ಮೇಲೆ ನಡೆಯತೊಡಗಿದ. ಎರಡು ಹೆಜ್ಜೆ ಇಡುವುದು, ನಿಲ್ಲುವುದು. ಮತ್ತೆ ಎರಡು ಹೆಜ್ಜೆ.

ಬಸವರಾಜಪ್ಪನ ಮುಖ ಅರಳಿತು. ಜಗಲಿ ಮೇಲಿದ್ದ ನಾಲ್ಕು ಜನಕ್ಕೆ ಕೇಳುವ ಹಾಗೆ, "ನೋಡ್ರಪ್ಪ, ಮಾರಯ್ಯನ್ನ ನೋಡಿ ಕಲೀಬೇಕು. ಕಾಲ ಎಷ್ಟೇ ಕೆಟ್ರೂ ಮರ್ಯಾದೆ ಬಿಟ್ಟಿಲ್ಲ. ಇವತ್ತಿನ ಹುಡುಗ್ರು ಬೂಟು ಹಾಕ್ಕೊಂಡು ಮನೆ ಮುಂದೇನೇ ಉಗೀತಾರೆ" ಅಂದ.

ಜಗಲಿಯವರು ನಕ್ಕರು. ನನ್ನ ಮೈ ಉರಿದುಹೋಯಿತು. ಕೇರಿಯವರೆಲ್ಲ ನೋಡುತ್ತಿದ್ದಾರೆ. ಮಗ ಕಂಟ್ರಾಕ್ಟರ್ ಕಡೆ, ಅಪ್ಪ ಬಸವರಾಜಪ್ಪನ ಕಡೆ ಎಂದು ಇವತ್ತಿಗೆ ರುಜುವಾತಾಯಿತು ಅಂದುಕೊಂಡೆ. "ಅಪ್ಪಾ, ಅತ್ಲಾಗ್ ಹೋಗು" ಎಂದು ಕೂಗಿದೆ. ಕಂಪ್ರೆಸರ್ ಸದ್ದಿಗೆ ಕೇಳಿಸಿತೋ ಇಲ್ಲವೋ, ಅವನು ತಿರುಗಲಿಲ್ಲ.

ಇಪ್ಪತ್ತು. ಇಪ್ಪತ್ತೆರಡು. ಅಪ್ಪ ರಸ್ತೆಯ ಅರ್ಧ ದಾಟಿದ್ದ. ಆಗ ಗಮನಿಸಿದೆ, ಅವನು ಓಣಿಯ ಕಡೆಗೆ ನೇರ ಹೋಗುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯುತ್ತಿದ್ದ. ನಿಂತಾಗ ಹೆಬ್ಬೆರಳು ಊರಿ, ಹಿಮ್ಮಡಿ ಊರಿ ನೋಡಿ ಮುಂದೆ ಹೋಗುತ್ತಿದ್ದ. ಕೈಯಲ್ಲಿದ್ದ ಪೈಪನ್ನೂ ಅವನ ಕಾಲನ್ನೂ ಒಟ್ಟಿಗೆ ನೋಡಿದೆ. ಪೈಪು ಒಂದಡಿ ಜಾರಿದರೆ ಅವನು ಒಂದಡಿ ನಡೆಯುತ್ತಿದ್ದ.

ಅವನು ಬಸವರಾಜಪ್ಪನಿಗೆ ಮರ್ಯಾದೆ ಕೊಡಲು ಬರಿಗಾಲಲ್ಲಿ ಬಂದಿರಲಿಲ್ಲ. ಹೆಗ್ಗಣದ ಬೆನ್ನ ಮೇಲೆ ನಡೆಯುತ್ತಿದ್ದ.

ಮೂವತ್ತೆರಡನೇ ಗುರುತು ಒಳಗೆ ಹೋಗುವ ಹೊತ್ತಿಗೆ ಅಪ್ಪ ರಸ್ತೆಯ ಆ ಅಂಚಿನಲ್ಲಿ, ತೋಟದ ಬೇಲಿಯ ಹತ್ತಿರ ನಿಂತಿದ್ದ. ಕೇರಿಯವರು ಕಾಯುತ್ತಿದ್ದ ಗುಂಡಿ ಅವನ ಬಲಕ್ಕೆ ಒಂದು ಮಾರು ದೂರದಲ್ಲಿತ್ತು. ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ವಾರದ ಮೇಲೆ ಮೊದಲನೇ ಸಲ ನೋಡಿದ್ದು.

"ಗಾಳಿ ನಿಲ್ಸ್ಲಾ ಮಗ!"

"ಯಾವನ್ಲಾ ಅವ್ನು ನಿಲ್ಸು ಅನ್ನೋಕೆ? ಓಡ್ಲಿ!" ಜ್ಞಾನೇಶ್ ಕೂಗಿದ.

ಗುಂಡಿಯ ಅಂಚಿನಲ್ಲಿದ್ದ ಪೈಪಿನ ವಾಲ್ವು ಮುಚ್ಚಿದೆ. ನೆಲದೊಳಗಿನ ಡುಗುಡುಗು ನಿಂತಿತು. ಕಂಪ್ರೆಸರ್ ಮಾತ್ರ ಗುರುಗುಡುತ್ತಿತ್ತು.

ಅಪ್ಪ ಮುಳ್ಳು ಸರಿಸಿ ಬೇಲಿಯೊಳಗೆ ನುಗ್ಗಿದ. ನಾನು ಗುಂಡಿಯಿಂದ ಹಾರಿ ಓಡಿದೆ. ಕೇರಿಯವರೂ ಹಿಂದೆ ಬಂದರು. ಬೇಲಿಯ ಬುಡದಲ್ಲೇ ತೆಂಗಿನ ಒಣಗರಿಯ ರಾಶಿ ಇತ್ತು. ತೋಟ ಅಂದಮೇಲೆ ಒಣಗರಿ ಇದ್ದೇ ಇರುತ್ತದೆ, ಯಾರೂ ಎರಡನೇ ಸಲ ನೋಡುವುದಿಲ್ಲ. ಅಪ್ಪ ಒಂದೊಂದೇ ಗರಿಯನ್ನು ಎಳೆದು ಆಚೆ ಹಾಕಿದ. ಅಡಿಯಲ್ಲಿ ಗುಂಡಿ. ಮೂರಡಿ ಉದ್ದ, ಮೂರಡಿ ಅಗಲ, ಅಂಚು ಕತ್ತರಿಸಿದ ಹಾಗೆ ನೆಟ್ಟಗೆ. ಆ ಕಡೆಯಿಂದ ಅದರ ತನಕ ಹೊಸ ಪೈಪು ಬಂದು ಕಾಯುತ್ತಿತ್ತು. ಪೈಪಿನ ಇನ್ನೊಂದು ತುದಿ ಫ್ಯಾಕ್ಟರಿಯ ಗೋಡೆಯೊಳಗೆ ಹೋಗಿತ್ತು.



"ನಾನೇ ತೋಡಿದ್ದು," ಅಂದ ಅಪ್ಪ. "ಸಸಿ ಗುಂಡಿ ಅಂದ್ರು, ತೋಡ್ದೆ. ಸಸಿ ಗುಂಡಿನೂ ಇಷ್ಟೇ ಇರ್ತದಲ್ಲ. ತೋಡಿ ಮ್ಯಾಕ್ ಬಂದು ನೋಡಿದ್ರೆ ಸಾಲಿಗೆ ಸೇರ್ತಿಲ್ಲ. ಮರದಿಂದ ಮರಕ್ಕೆ ಮೂವತ್ತಡಿ ಬುಟ್ಟವ್ರೆ, ಇದು ಬೇಲಿಗೆ ಅಂಟ್ಕಂಡದೆ. ಬೇಲಿ ಮ್ಯಾಲೆ ಯಾವನಾರ ತೆಂಗು ಇಕ್ತಾನಾ?"

"ಯಾಕಪ್ಪ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಗುಂಡಿ ಸಾಲಿಗಿಲ್ಲ ಅಂದ್ರೆ ನೀವ್ ನಗ್ತಿದ್ರಿ. ನಿನ್ ಮ್ಯಾಲೂ ನಂಗೆ ಅನುಮಾನ ಇತ್ತು ಕಣ್ಲಾ. ಮಿಷನ್ ನಿನ್ ಕೈಲಲ್ವಾ ಇರೋದು."

  ಒಂದೇ ಸೂರಿನ ಕೆಳಗೆ ಅಪ್ಪ ಮಗ ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅಂದುಕೊಂಡು ಒಂದು ವಾರ ಮುದ್ದೆ ಮುರಿದಿದ್ದೆವು. ಬಸವರಾಜಪ್ಪ ಅದಕ್ಕೆ ಖರ್ಚು ಮಾಡಿದ್ದು ಒಂದು ದಿನದ ಕೂಲಿ, ನಾಲ್ಕು ಕಾಯಿ.

ಅಷ್ಟರಲ್ಲಿ ಅವನೂ ಬಂದ, ಹಿಂದೆ ಜ್ಞಾನೇಶ್. ಬಸವರಾಜಪ್ಪನ ಮುಖದಲ್ಲಿ ನಾಚಿಕೆಯ ಗುರುತೇ ಇರಲಿಲ್ಲ.

"ಅದ್ಯಾಕ್ ಎಲ್ರೂ ಹಿಂಗ್ ನಿಂತಿದ್ದೀರಿ? ಅಡಿಯಲ್ಲಿ ಕಲ್ಲು ಸಿಕ್ಕಿ ಮಿಷನ್ನು ತಿರುಗಿಕೊಂಡೈತೆ. ಅದಕ್ಕೇನು ಕಣ್ಣೈತಾ?"

ನಮ್ಮವ್ವ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. "ಕಲ್ಲು ಸಿಕ್ಕಿ ತಿರುಗೋ ಹೆಗ್ಗಣಕ್ಕೆ ಒಂದ್ ವಾರ ಮುಂಚೇನೇ ಬಿಲ ತೋಡ್ಸಿ, ಗರಿ ಮುಚ್ಚಿಟ್ಟಿದ್ರಲ್ಲ ಯಜಮಾನ್ರೇ, ಅದ್ಯಾವ ಜೋಯಿಸ ಹೇಳಿದ್ದು ನಿಮ್ಗೆ?"

"ಬಾಯಿ ಬಿಗಿ ಹಿಡಿಯೇ ಮುಂಡೆ."

"ಮುಂಡೆ ನಿಮ್ಮನೇಲಿ ಹುಡುಕಿ. ನನ್ ಗಂಡ ಇಲ್ಲೇ ನಿಂತವ್ನೆ."

ಬಸವರಾಜಪ್ಪ ಹಲ್ಲು ಕಚ್ಚಿದ. ಆಮೇಲೆ ದನಿ ಇಳಿಸಿದ. ಬೈದಾಗ ಅಷ್ಟು ಭಯ ಆಗುವುದಿಲ್ಲ, ಅವನು ದನಿ ಇಳಿಸಿದಾಗ ಆಗುತ್ತದೆ.

"ಆಯ್ತು. ಆಗಿದ್ದು ಆಗೋಯ್ತು. ನೀರು ಎಲ್ಲಿ ಬಂದ್ರೇನು? ತೋಟದ ಗೇಟ್ ಹತ್ರ ನಿಮ್ಗೆ ಅಂತ್ಲೇ ಒಂದು ನಲ್ಲಿ ಹಾಕಿಸ್ಕೊಡ್ತೀನಿ. ಬೆಳಿಗ್ಗೆ ಒಂದ್ ಗಂಟೆ, ಸಾಯಂಕಾಲ ಒಂದ್ ಗಂಟೆ. ಮೇಲಿನ ಬೀದಿಗೆ ಬರೋದೂ ತಪ್ತದೆ, ಬೈಸ್ಕೊಳೋದೂ ತಪ್ತದೆ. ಗಲಾಟೆ ಮಾಡಿದ್ರೆ ಅದೂ ಇಲ್ಲ."

ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಳ್ಳು ಹೇಳುವುದಿಲ್ಲ, ಎರಡು ಮೂರು ಮುಖದಲ್ಲಿ ಆಸೆ ಇಣುಕಿತು. ನಾಲ್ಕು ವರ್ಷ ಒಣ ನಲ್ಲಿ ತಿರುಗಿಸಿದವರಿಗೆ ದಿನಕ್ಕೆ ಎರಡು ಗಂಟೆ ನೀರು ಕಡಿಮೆ ಮಾತಲ್ಲ. ಹಿಂದಿನಿಂದ ಯಾರೋ, "ಅಷ್ಟಾರ ಆಗ್ಲಿ" ಎಂದು ಗೊಣಗಿದರು.

ಅಪ್ಪ ಮೆಲ್ಲಗೆ ಕೇಳಿದ, "ಗೇಟಿನ ಬೀಗ ಯಾರ್ ಕೈಲಿರ್ತದೆ ಬುದ್ಧಿ?"

"ತೋಟ ಯಾರ್ದು? ಬೀಗನೂ ಅವ್ರದೇ."

"ನಲವತ್ ವರ್ಸ ತೂಬು ಎತ್ತಿದ್ದೀನಿ. ನೀರು ಹೆಂಗೆ ಅಂತ ನಂಗೊತ್ತು. ಕೀಲಿ ಇರೋನು ಇವತ್ ಒಂದ್ ಗಂಟೆ ಅಂತಾನೆ, ನಾಳೆ ಅರ್ಧ ಗಂಟೆ ಅಂತಾನೆ, ನಾಡಿದ್ದು ಬಾಗ್ಲಲ್ ನಿಂತ್ಕೊ ಅಂತಾನೆ. ಬ್ಯಾಡ ಬುದ್ಧಿ. ಸರ್ಕಾರ ನಮ್ ಮನೆ ಬಾಗ್ಲಿಗೆ ಅಂತ ಬರ್ಕೊಟ್ಟಿರೋ ನೀರು, ಬಾಗ್ಲಿಗೇ ಬರ್ಲಿ."

"ಹಂಗಾ? ಹಂಗಿದ್ರೆ ಕೇಳ್ಕೊಳ್ಳಿ," ಬಸವರಾಜಪ್ಪ ಬೆರಳು ಎತ್ತಿದ. "ನನ್ ಬೀದಿ ಅಡಿಯಲ್ಲಿ ಹೆಗ್ಗಣ ಇನ್ನೊಂದ್ ಸಲ ಹೋಗಲ್ಲ. ಬಂದಿದ್ದು ಬಂತು. ಜ್ಞಾನಿ, ಕೆಲಸ ಮುಗೀತು ಅಂತ ಬರ್ಕೊಂಡು ಗಾಡಿ ತಗೊಂಡು ನಡಿ."

"ಸಾರ್, ಪೈಪು ಒಂದ್ ಸುತ್ತು ತಿರುಗ್ಸಿದ್ರೆ ಹೆಗ್ಗಣ ವಾಪಸ್ ಬತ್ತದೆ," ಅಂದೆ ಜ್ಞಾನೇಶನಿಗೆ. "ಮತ್ತೆ ನೇರಕ್ಕೆ ಇಟ್ಟು ಬುಡ್ತೀನಿ. ಒಂದ್ ಗಂಟೆ ಕೆಲಸ."

"ನಿನ್ನ ಕೆಲಸ ಇವತ್ತಿಗೆ ಮುಗೀತು ಕಣೋ. ಕೀ ಕೊಡಿಲ್ಲಿ." ಅವನು ಕಂಪ್ರೆಸರ್ ಕಡೆ ಹೊರಟ.

ನಾನು ಅವನಿಗಿಂತ ಮುಂಚೆ ಓಡಿದೆ. ಅವ್ವ ನನಗಿಂತ ಮುಂಚೆ ಓಡಿದ್ದಳು. ಅರವತ್ತು ದಾಟಿದ ಹೆಂಗಸಿಗೆ ಆ ಕಾಲು ಎಲ್ಲಿಂದ ಬಂತೋ. ಕಂಪ್ರೆಸರ್‌ಗೆ ಬೆನ್ನು ಕೊಟ್ಟು, ಓಣಿಯ ಗುಂಡಿಯಿಂದ ತಂದಿದ್ದ ಗುದ್ದಲಿಯನ್ನು ಅಡ್ಡ ಹಿಡಿದು ನಿಂತಳು.

"ಮುಟ್ಟು ನೋಡಾನ."

ಜ್ಞಾನೇಶ್ ನಿಂತ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ನಿಂತರು. ಅಷ್ಟಾರ ಆಗಲಿ ಎಂದು ಗೊಣಗಿದವಳೂ ಬಂದಳು.

ನಾನು ಗುಂಡಿಗೆ ಇಳಿದು ಪೈಪು ಹಿಡಿದೆ. ತಿರುಗಿಸಬೇಕು, ಹೆಗ್ಗಣವನ್ನು ವಾಪಸ್ಸು ಕರೆಯಬೇಕು, ಮತ್ತೆ ಮೂತಿ ಇಡಬೇಕು. ಆಮೇಲೆ? ಮತ್ತೆ ನೆಲದೊಳಗೆ ಯಾರಿಗೂ ಕಾಣದ ಹಾಗೆ ಹೋಗುತ್ತದೆ. ಮತ್ತೆ ಎಲ್ಲರೂ ಅದರ ಹಿಂದೆ ಅನುಮಾನ ಪಟ್ಟುಕೊಂಡು ನಡೆಯಬೇಕು. ಪೈಪು ಎಳೆದ ಮೇಲೂ ಯಾವನು ಎಲ್ಲಿ ಅಗೆದು ಎಲ್ಲಿಗೆ ಜೋಡಿಸಿಕೊಂಡ ಎಂದು ಯಾರು ಕಾಯುವುದು? ನಾಲ್ಕು ವರ್ಷ ಮೇಲಿನ ಬೀದಿಯವರು ಉಳಿಸಿಕೊಂಡಿದ್ದು ಒಂದು ರಸ್ತೆಯನ್ನು. ಅವರ ಕಣ್ಣೆದುರಿಗೆ ಹಾದು ನಮಗೆ ನೀರು ಬರಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

"ಯಾಕ್ಲಾ ನಿಂತೆ?" ಮೇಲಿನಿಂದ ಅವ್ವ ಕೂಗಿದಳು.

"ವಾಪಸ್ ತೆಗ್ದು ಬುಡ್ಲಾ ಅವ್ವ? ಇಲ್ಲಾ..."

"ಕಾಣ್ದಂಗ್ ಬರೋ ನೀರು ಬ್ಯಾಡ ಕಣ್ಲಾ ನಮ್ಗೆ. ಕಾಣಂಗೆ ತಗಂಡ್ ಬಾ."

ವಾಲ್ವಿನ ಹತ್ತಿರ ಹೆಗ್ಗಣದ ಬಾಲದಿಂದ ಕಂಪ್ರೆಸರ್‌ನ ಪೈಪು ಬಿಚ್ಚಿದೆ. ಅದು ಅಲ್ಲೇ ಇರಲಿ, ಅವರ ಬೀದಿಯ ಅಡಿಯಲ್ಲಿ. ನಮ್ಮ ಗಾಡಿಯಲ್ಲಿ ಬ್ರೇಕರ್ ಇತ್ತು, ಕಾಂಕ್ರೀಟು ಒಡೆಯುವುದು, ಅದೂ ಇದೇ ಗಾಳಿಯಲ್ಲಿ ಓಡುತ್ತದೆ. ಇಳಿಸಿಕೊಂಡು ಬಂದು ಪೈಪು ಸಿಕ್ಕಿಸಿದೆ. ಗುಡಿಗೂ ಬಸವರಾಜಪ್ಪನ ಜಗಲಿಗೂ ನಡುವೆ, ರಸ್ತೆಯ ಅಂಚಿನಲ್ಲಿ ಉಳಿ ಊರಿದೆ.

"ಲೇ, ಸೂಳೆಮಗನೇ! ರಸ್ತೆಗೆ ಕೈ ಹಾಕಿದ್ರೆ ಜೈಲಿಗ್ ಹಾಕಿಸ್ತೀನಿ!"

ಹಾಕಿಸುತ್ತಾನೆ, ನನಗೆ ಗೊತ್ತು. ಆಗಲೇ ಜಗಲಿಯ ಮೇಲಿಂದ ಯಾರೋ ಫೋನು ಮಾಡುತ್ತಿದ್ದರು. ಕೆಲಸ ಹೋಗಿತ್ತು. ಕೇಸು ಬೀಳುತ್ತದೆ, ನೀರು ಬರುತ್ತದೋ ಇಲ್ಲವೋ ಅದು ಗೊತ್ತಿರಲಿಲ್ಲ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.  ಹಿಡಿ ಒತ್ತಿದ ಮೇಲೆ ಇಡೀ ಮೈಯೇ ನಡುಗತೊಡಗಿತು, ಅದು ಬ್ರೇಕರ್‌ನ ನಡುಕವೋ ನನ್ನದೋ ತಿಳಿಯಲಿಲ್ಲ.

ಬಿಳಿ ದೂಳು ಎದ್ದಿತು. ಪರಮಶಿವಯ್ಯ ಗುಡಿಯ ಬಾಗಿಲು ಹಾಕಿಕೊಂಡ. ಮೊದಲನೇ ಚಕ್ಕೆ ಸಿಡಿದು ಬಸವರಾಜಪ್ಪನ ಜಗಲಿಗೆ ಬಿತ್ತು. ಅವನು ಬಾಯಿ ತೆರೆದು ತೆರೆದು ಏನೋ ಹೇಳುತ್ತಿದ್ದ, ಈ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಅಪ್ಪ ಒಡೆದ ಕಾಂಕ್ರೀಟನ್ನು ಬರಿಗೈಯಲ್ಲಿ ಎತ್ತಿ ಪಕ್ಕಕ್ಕೆ ಇಡುತ್ತಾ ಬಂದ. ಹಿಂದೆ ನಮ್ಮ ಕೇರಿಯವರು ಹಾರೆ, ಗುದ್ದಲಿ, ಪಿಕಾಸಿ ಹಿಡಿದು ಮಣ್ಣಿಗೆ ಇಳಿದರು.

ಎಂಟಡಿ ಆಗಿತ್ತು. ಹಂದನಕೆರೆ ಕಡೆಯ ತಿರುವಿನಲ್ಲಿ ಪೊಲೀಸ್ ಜೀಪು ಕಾಣಿಸಿತು. ನಾನು ಒಂದು ಕ್ಷಣ ಹಿಡಿ ಸಡಿಲ ಬಿಟ್ಟೆ.

ಅವ್ವ ಗುದ್ದಲಿ ನಿಲ್ಲಿಸಲಿಲ್ಲ.

"ಹೊಡೀಲಾ ಗಂಗ," ಅಂದಳು. "ಅವ್ರು ಇಳ್ದು ಬರೋ ಹೊತ್ಗೆ ಇನ್ನೊಂದ್ ಮಾರು ಆಗ್ಲಿ."